ಮುಟ್ಟದೆ ಮೆಚ್ಚಿದವಳು

ಖರ್ಜೂರದ ಅಂಟು ಉಗುರಿನ ಸಂದಿಯಿಂದ ಪೂರ್ತಿ ಹೋಗಿಲ್ಲ ಅನ್ನಿಸಿ ಯಾರೆಲಿ ಮೂರನೆಯ ಸಲ ಕೈಗೆ ಸೋಪು ಹಚ್ಚಿಕೊಂಡಳು. ಕ್ಲಿನಿಕ್ಕಿನ ಬಚ್ಚಲಿನ ಕನ್ನಡಿಯ ಪಕ್ಕ, ಕೈ ಹೇಗೆ ತೊಳೆಯಬೇಕೆಂದು ಎರಡು ಭಾಷೆಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ಇಪ್ಪತ್ತು ಸೆಕೆಂಡು ಸಾಕು ಎಂದಿತ್ತು. ಅವಳು ಅರವತ್ತು ಎಣಿಸಿದಳು. ಬೆಳಗಿನ ಐದರಿಂದ ಮಧ್ಯಾಹ್ನ ಒಂದರವರೆಗೆ ಖರ್ಜೂರ ಕಟ್ಟುವ ಶೆಡ್ಡಿನಲ್ಲಿ, ಹಣ್ಣು ಸಾಗಿ ಬರುವ ಬೆಲ್ಟಿನ ಮುಂದೆ ನಿಂತು ವಿಂಗಡಿಸಿದ ಕೈಗಳಿವು. ಯಾವುದು ಮೆತ್ತಗಿದೆ, ಯಾವುದು ಬಿರುಸು, ಯಾವುದರ ಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡಿದೆ ಎನ್ನುವುದು ಕೈಗವಸಿನೊಳಗಿಂದಲೇ ಬೆರಳಿಗೆ ತಿಳಿಯುತ್ತದೆ, ಕಣ್ಣು ಬೇಕಾಗುವುದಿಲ್ಲ. ಹೀಗೆ ತಿಳಿಯುವ ಬೆರಳುಗಳನ್ನು ಹಣ್ಣಿಗೆ ಖರ್ಚು ಮಾಡುತ್ತಿದ್ದೇನೆ ಎಂದು ಒಂದೊಂದು ದಿನ ಸಂಕಟವಾಗುತ್ತಿತ್ತು. ಡಾಕ್ಟರ್ ವಿಟ್‌ಮರ್ ಮಗುವಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು, ಕಿಟಕಿಯ ಕಡೆ ನೋಡುತ್ತ, ಯಾರ ಮಾತನ್ನೋ ಕೇಳಿಸಿಕೊಳ್ಳುವವರಂತೆ ಸುಮ್ಮನಾಗುವುದನ್ನು ಕಂಡಾಗಲೆಲ್ಲ ಯಾರೆಲಿಯ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಆ ಹೊಟ್ಟೆ ಒಳಗಿನಿಂದ ಏನು ಹೇಳುತ್ತಿರಬಹುದು? ಕೇಳುವಂತಿರಲಿಲ್ಲ. ಅವಳ ಜಾಗ ತಾಯಿಯ ಭುಜದ ಹಿಂದೆ, ಒಂದು ಹೆಜ್ಜೆ ದೂರ.

ಮಂಗಳವಾರ ಮತ್ತು ಗುರುವಾರದ ಮಧ್ಯಾಹ್ನಗಳಲ್ಲಿ ಅವಳು ಇಲ್ಲಿ ಇಂಗ್ಲಿಷು ಬಾರದ ತಾಯಂದಿರಿಗೆ ದುಭಾಷಿ. ಸಂಬಳವಿಲ್ಲ. ಒಂಬತ್ತು ತಿಂಗಳ ಹಿಂದೆ ಮೂರು ಪುಟದ ಕಾಗದಕ್ಕೆ ಸಹಿ ಮಾಡಿದ್ದಳು. ದುಭಾಷಿ ರೋಗಿಯನ್ನು ಮುಟ್ಟಬಾರದು. ಸಲಹೆ ಕೊಡಬಾರದು. ಕೇಳಿದ್ದನ್ನು ಒಂದೂ ಬಿಡದೆ, ಒಂದೂ ಸೇರಿಸದೆ, ಆಡಿದವರ ಬಾಯಲ್ಲೇ ಹೇಳಬೇಕು. ತಾಯಿ 'ನನಗೆ ಭಯವಾಗಿದೆ' ಎಂದರೆ ಅವಳೂ ಇಂಗ್ಲಿಷಿನಲ್ಲಿ 'ನನಗೆ ಭಯವಾಗಿದೆ' ಎನ್ನಬೇಕು; ಡಾಕ್ಟರು 'ನಾನು ಈಗ ಎದೆ ನೋಡುತ್ತೇನೆ' ಎಂದರೆ ಅವಳೂ 'ನಾನು ಈಗ ಎದೆ ನೋಡುತ್ತೇನೆ' ಎನ್ನಬೇಕು. ತನ್ನ ಬಗ್ಗೆಯೇ ಏನಾದರೂ ಹೇಳಬೇಕಾಗಿ ಬಂದರೆ ಮಾತ್ರ 'ದುಭಾಷಿ' ಎನ್ನಬೇಕು, ಯಾರೋ ಮೂರನೆಯವಳ ಬಗ್ಗೆ ಹೇಳುವ ಹಾಗೆ. ಇದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ನಕ್ಕಿದ್ದಳು. "ಅವಳು 'ನಾನು' ಅಂದ್ರೆ ನೀನೂ 'ನಾನು' ಅಂತೀಯಾ? ಹಾಗಾದ್ರೆ ಅರ್ಧ ಡಾಕ್ಟರಾದೆ ಬಿಡು. ಸಂಬಳ ಮಾತ್ರ ಪೂರ್ತಿ ಅವಳಿಗೆ." ಯಾರೆಲಿಯೂ ನಕ್ಕಿದ್ದಳು. ಆದರೆ ವಾರಕ್ಕೆರಡು ಮಧ್ಯಾಹ್ನ 'ನಾನು ಈಗ ಎದೆ ನೋಡುತ್ತೇನೆ' ಎಂದು ಬಾಯಿಬಿಟ್ಟು ಹೇಳುವಾಗ, ಆ ಮಾತು ಗಂಟಲಿನಿಂದ ಹೊರಬಿದ್ದು ಗೋಡೆಗೆ ತಾಗಿ ಮುಗಿಯುವಷ್ಟರ ಮಟ್ಟಿಗೆ ಅದು ನಿಜವಾಗಿರುತ್ತಿತ್ತು. ಆ ಒಂದು ಉಸಿರಿಗಾಗಿ ಅವಳು ಬರುತ್ತಿದ್ದಳೇನೋ. ಹೀಗೆಂದು ಯಾರಿಗೂ ಹೇಳಿರಲಿಲ್ಲ.

ಇವತ್ತು ಪತ್ರದ ದಿನ. ಈ ಕಣಿವೆಯ ಮಕ್ಕಳನ್ನು ಆರಿಸಿಕೊಂಡು ವೈದ್ಯಕೀಯದ ತನಕ ಓದಿಸುವ ಒಂದು ವ್ಯವಸ್ಥೆ ವಿಶ್ವವಿದ್ಯಾಲಯದಲ್ಲಿತ್ತು. ವರ್ಷಕ್ಕೆ ಹನ್ನೆರಡು ಜನ. ಸಂಜೆ ಕಾಲೇಜಿನಲ್ಲಿ ನಾಲ್ಕು ವರ್ಷ ತೆವಳಿ ರಸಾಯನಶಾಸ್ತ್ರದ ಎರಡನೆಯ ಭಾಗಕ್ಕೆ ಬಂದಿದ್ದ, ಇಪ್ಪತ್ಮೂರು ತುಂಬಿದ ಯಾರೆಲಿ ಸೆಪೇದಾಗೆ ಅದು ಕೊನೆಯ ಸಲ. ಇಪ್ಪತ್ನಾಲ್ಕಾದರೆ ಅರ್ಜಿ ಹಾಕುವಂತಿಲ್ಲ. ಅರ್ಜಿಗೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿದ್ದಳು, ಒಬ್ಬ ವೈದ್ಯರ ಶಿಫಾರಸು ಪತ್ರವೊಂದು ಬಿಟ್ಟು. "ಗುರುವಾರ ಕೊಡ್ತೀನಿ, ಜ್ಞಾಪಿಸು," ಎಂದಿದ್ದರು ವಿಟ್‌ಮರ್. ಹೇಗೆ ಜ್ಞಾಪಿಸುವುದು? ಬಂದ ಕೂಡಲೇ ಕೇಳಿದರೆ ಪತ್ರಕ್ಕೇ ಬಂದವಳಂತೆ ಕಾಣುತ್ತದೆ. ಹೊರಡುವಾಗ ಕೇಳಿದರೆ ಅವರು ದಣಿದಿರುತ್ತಾರೆ. ಮಧ್ಯದಲ್ಲಿ ಕೇಳುವುದಂತೂ ಆಗದ ಮಾತು. ಇದೇ ಲೆಕ್ಕಾಚಾರದಲ್ಲಿ ಕೈ ಒರೆಸಿಕೊಂಡು ಬಚ್ಚಲಿನಿಂದ ಹೊರಬಂದವಳಿಗೆ, ಬೆಂಚಿನ ಕೊನೆಯಲ್ಲಿ ಹಳದಿ ಹೊದಿಕೆಯ ಗಂಟನ್ನು ಎದೆಗವಚಿಕೊಂಡು ಕೂತ ಹುಡುಗಿ ಕಂಡಳು.

ಮಂಗಳವಾರದವಳು. ಫಿದೆನ್ಸಿಯಾ. ಹತ್ತೊಂಬತ್ತು ದಾಟಿರಲಿಕ್ಕಿಲ್ಲ; ಗಂಡ ದ್ರಾಕ್ಷಿ ತೋಟದಲ್ಲಿ. ಅವತ್ತು ಮಗು ಉರಿಯೆಲ್‌ಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದಳು. ಎರಡೂವರೆ ತಿಂಗಳಿನ ಕೂಸು, ಮಣಿಕಟ್ಟಿಗೆ ಕೆಂಪು ದಾರ, ನಿದ್ದೆಯಲ್ಲಿತ್ತು. ರೆಪ್ಪೆಗಳು ಕೆನ್ನೆಯ ಮೇಲೆ ಒರಗಿದ್ದವು, ಅಷ್ಟು ಉದ್ದ, ಒದ್ದೆಯಾದ ಹಾಗೆ ಕಪ್ಪಗೆ. "ಅಯ್ಯೋ, ಎಂಥಾ ರೆಪ್ಪೆ!" ಎಂದುಬಿಟ್ಟಿದ್ದಳು ಯಾರೆಲಿ. ಬಾಯಿ ಜಾರಿ ಬಂದ ಮಾತಲ್ಲ ಅದು. ಕಣ್ತುಂಬ ನೋಡಿ ಬಂದದ್ದು. ಫಿದೆನ್ಸಿಯಾ ನಕ್ಕು, ಮಗುವನ್ನು ತುಸು ಮುಂದಕ್ಕೆ ಚಾಚಿದಳು. ಚಾಚಿ, ಕಾದಳು. ಯಾಕೆಂದು ಯಾರೆಲಿಗೆ ಗೊತ್ತಿತ್ತು. ಮಗುವನ್ನು ಮೆಚ್ಚಿದವರು ಮುಟ್ಟಬೇಕು, ಹಣೆಯನ್ನೋ ಕೈಯನ್ನೋ. ಮುಟ್ಟದೆ ಹೋದರೆ ಮೆಚ್ಚಿದ್ದು ಕಣ್ಣಾಗಿ ಮಗುವಿನ ಮೇಲೆಯೇ ಉಳಿದುಬಿಡುತ್ತದೆ. ಅಂಗಡಿಯ ಸಾಲಿನಲ್ಲಿ ನಿಂತ ಅಪರಿಚಿತ ಹೆಂಗಸರು ಕೂಡ "ಕಣ್ಣಾಗದಿರಲಿ" ಎಂದು ಅವಳ ತಮ್ಮ ನಾಂದೊನ ತಲೆ ಸವರಿ ಹೋಗುತ್ತಿದ್ದರು. ಗೊತ್ತಿದ್ದೂ ಅವಳ ಕೈ ಬೆನ್ನ ಹಿಂದೆ ಹೋಯಿತು. ಯಾಕೆಂದರೆ ಬಾಗಿಲಲ್ಲಿ ಡಾಕ್ಟರ್ ವಿಟ್‌ಮರ್ ನಿಂತು ಫೈಲು ನೋಡುತ್ತಿದ್ದರು; ಯಾಕೆಂದರೆ ಕಾಗದ, ಸಹಿ, ಗುರುವಾರ. ಚಾಚಿದ ಮಗುವನ್ನು ಫಿದೆನ್ಸಿಯಾ ನಿಧಾನವಾಗಿ ವಾಪಸ್ಸು ಎಳೆದುಕೊಂಡಳು. ಕೊಡಲು ಹೋದ ರೊಟ್ಟಿಯನ್ನು ಬೇಡವೆನ್ನಿಸಿಕೊಂಡವಳ ಮುಖ.

ಬುಧವಾರ ಬೆಳಿಗ್ಗೆ ಶೆಡ್ಡಿಗೆ ಹೋಗುವ ವ್ಯಾನಿನಲ್ಲಿ ಅಮ್ಮನಿಗೆ ಇದನ್ನು ತಮಾಷೆಯೆಂಬಂತೆ ಹೇಳಿದ್ದಳು. ಅಮ್ಮ ನಗಲಿಲ್ಲ. "ಹೊಗಳಿ, ಮುಟ್ಟದೆ ಬಂದ್ಯಾ? ನಿನ್ನ ಯಾರು ಸಾಕಿದ್ದು, ಮೇಕೆ ಸಾಕಿತ್ತಾ?" "ಅಮ್ಮಾ, ಅಲ್ಲಿ ರೂಲ್ಸಿದೆ." "ರೂಲ್ಸು! ಆ ಮಗೂಗೆ ಗೊತ್ತಾ ನಿನ್ನ ರೂಲ್ಸು?" ಪಕ್ಕದ ಸೀಟಿನವಳು ಕಿಸಕ್ಕೆಂದು ನಕ್ಕು ತಾನೂ ಮಾತು ಸೇರಿಸಿದಳು. "ಡಾಕ್ಟರಮ್ಮ ಆಗೋಕೆ ಮುಂಚೇನೇ ಕೈ ಮೈಲಿಗೆ ಆಗ್ಬಿಡ್ತಾ ಮಗಳೇ?" ಯಾರೆಲಿ ಕಿಟಕಿಯಾಚೆ ನೋಡಿದಳು. ಬತ್ತುತ್ತಿರುವ ಸರೋವರದ ಕಡೆಯಿಂದ ಬೂದು ದೂಳು ಬೀದಿದೀಪಗಳ ಬೆಳಕಿಗೆ ಏಳುತ್ತಿತ್ತು, ದಿನವೂ ಏಳುವ ಹಾಗೆ. ಬೆಳಗಾದರೆ ಶಾಲೆಯ ಮಕ್ಕಳು ಕೆಮ್ಮಲು ಶುರು ಮಾಡುತ್ತವೆ. ಅವಳು ಜೀವಶಾಸ್ತ್ರದಲ್ಲಿ ಎ ಗ್ರೇಡು ತೆಗೆದುಕೊಂಡವಳು. ಕಣ್ಣಿನಿಂದ ರೋಗ ಬರುವುದಿಲ್ಲ. ಬರುವುದಿಲ್ಲ ಎನ್ನುವುದು ಗೊತ್ತಿದ್ದರೂ, ಬೆಲ್ಟಿನ ಮುಂದೆ ನಿಂತ ಎಂಟು ಗಂಟೆಯೂ ಆ ರೆಪ್ಪೆಗಳು ಕಣ್ಣ ಮುಂದೆ ಇದ್ದವು.

ಈಗ ಆ ರೆಪ್ಪೆಗಳು ತೆರೆದಿದ್ದವು. ಪರೀಕ್ಷೆಯ ಕೋಣೆಯ ಬೆಳಕಿನಲ್ಲಿ ಮಗು ಸಣ್ಣ ದನಿಯಲ್ಲಿ, ನಿಲ್ಲಿಸದೆ, ಅಳುತ್ತಿತ್ತು. ಗಲ್ಲ ಅದುರುತ್ತಿತ್ತು, ಕೈಗಳು ಆಗಾಗ ಬೆಚ್ಚಿದಂತೆ ಜಿಗಿಯುತ್ತಿದ್ದವು. ಜ್ವರವಿಲ್ಲ ಎಂದು ಬರೆದಿದ್ದಳು ನರ್ಸು. ಡಾಕ್ಟರ್ ವಿಟ್‌ಮರ್, ಅರವತ್ತು ವಯಸ್ಸಿನ, ಎತ್ತರದ ಹೆಂಗಸು, ಸ್ಟೂಲು ಎಳೆದುಕೊಂಡು ಕೂತರು. "ಯಾವಾಗಿಂದ ಶುರುವಾಯ್ತು?"

ಯಾರೆಲಿ ಅದನ್ನು ತಾಯಿಯ ಭಾಷೆಯಲ್ಲಿ ಕೇಳಿದಳು. ಫಿದೆನ್ಸಿಯಾ ಡಾಕ್ಟರ ಕಡೆಗೇ ನೋಡುತ್ತ, ಮೊದಲೇ ಹೊಂದಿಸಿಕೊಂಡು ಬಂದವಳ ಹಾಗೆ ಹೇಳಿದಳು: "ಮಂಗಳವಾರ ಸಾಯಂಕಾಲದಿಂದ, ಡಾಕ್ಟರಮ್ಮ. ಇಲ್ಲೇ ಹೊರಗಡೆ ಬೆಂಚಿನ ಮೇಲೆ ಈ ಹುಡುಗಿ ನನ್ನ ಮಗೂನ ಕಣ್ತುಂಬ ನೋಡಿದ್ಲು, ಎಂಥಾ ರೆಪ್ಪೆ ಅಂದ್ಲು, ಮುಟ್ಲಿಲ್ಲ. ಅದೇ ಆಗಿರೋದು, 'ಓಹೊ', ಕಣ್ಣು ತಗಲಿರೋದು. ಮನೆಗೆ ಹೋದ್ಮೇಲೆ ಅಳೋಕೆ ಹತ್ತಿದ. ನಮ್ಮತ್ತೆ ಮೊಟ್ಟೆ ನಿವಾಳಿಸಿದ್ರು. ಚಕ್ರಮೊಗ್ಗಿನ ಕಷಾಯ ಮಾಡಿ ಬಾಟ್ಲೀಲಿ ಕುಡಿಸಿದ್ರು, ನಿನ್ನೆ ಮೂರು ಸಲ, ಇವತ್ತು ಎರಡು ಸಲ. ಯಾವುದಕ್ಕೂ ಜಗ್ಗಲಿಲ್ಲ, ಕುಡಿದಿದ್ದೆಲ್ಲ ವಾಂತಿ. ಅವಳೇ ಬಂದು ಮುಟ್ಟಿದ್ರೆ ಬಿಡುತ್ತೆ ಅಂತ ಅತ್ತೆ ಹೇಳಿ ಕಳಿಸಿದಾರೆ. ನಂಗೇನೂ ಸಿಟ್ಟಿಲ್ಲ. ಪಾಪ, ಅವಳಿಗೆ ಗೊತ್ತಿರಲಿಲ್ವೇನೋ."

ಗೊತ್ತಿರಲಿಲ್ಲವೇನೋ ಎನ್ನುವ ಮಾತು ಹೋಗಿ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಯಾರೆಲಿಯ ಕಿವಿ ಬಿಸಿಯಾಯಿತು. ಈಗ ತಾನು ಬಾಯಿ ತೆರೆದು, ಈ ಹುಡುಗಿಯ 'ನಾನು' ಆಗಿ, ತನ್ನನ್ನೇ ಬೆರಳು ಮಾಡಿ ತೋರಿಸಬೇಕು. 'ಈ ಹುಡುಗಿ ನನ್ನ ಮಗುವನ್ನು ನೋಡಿದಳು.' ಡಾಕ್ಟರು ತಲೆಯೆತ್ತಿ, ಕನ್ನಡಕದ ಮೇಲಿನಿಂದ ನೋಡುತ್ತಾರೆ. ಈ ಕಾಲದಲ್ಲೂ ಇದೆಲ್ಲ ಎಂದು ನಗುತ್ತಾರೋ, ರೋಗಿಗಳ ಜೊತೆ ಮಾತಿಗಿಳಿಯುತ್ತೀಯಾ ಎನ್ನುತ್ತಾರೋ. ಮೇಜಿನ ಡ್ರಾಯರಿನಲ್ಲಿ ಪತ್ರ ಈಗಾಗಲೇ ಮಡಚಿ ಇದ್ದಿರಬಹುದು.

"ಮಂಗಳವಾರ ಸಾಯಂಕಾಲದಿಂದ," ಎಂದಳು ಇಂಗ್ಲಿಷಿನಲ್ಲಿ. "ಅಳ್ತಾನೆ ಇದಾನೆ. ಕುಡಿದಿದ್ದೆಲ್ಲ ವಾಂತಿ ಮಾಡ್ತಾನೆ."

"ಅಷ್ಟುದ್ದ ಮಾತಾಡಿದ್ಲಲ್ಲ. ಇಷ್ಟೇನಾ?"

"ಇಷ್ಟೇ ಡಾಕ್ಟರ್."

"ಓಹೊ ಅಂದ್ಲು. ಕಣ್ಣು ತಾನೆ ಅದು? ನಂಗೂ ನಿಮ್ಮ ಭಾಷೇದು ಒಂದು ಹತ್ತು ಮಾತು ಬರುತ್ತೆ."

"ಹೌದು. ಕಣ್ಣು... ಕಣ್ಣು ಒಂಥರಾ ಮಾಡ್ತಾನೆ ಅಂತಿದಾರೆ."

ಇಷ್ಟು ಸುಲಭವಾಗಿ ಬಂದ ಸುಳ್ಳಿಗೆ ಅವಳಿಗೇ ಅಚ್ಚರಿಯಾಯಿತು. ಆದರೆ ಅದು ಹೊಸದೇನಲ್ಲ. ಒಂಬತ್ತು ವರ್ಷದವಳಿದ್ದಾಗ, ಉಬ್ಬಸದಿಂದ ನೀಲಿಗಟ್ಟಿದ ನಾಂದೊನನ್ನು ಎತ್ತಿಕೊಂಡು ಅಮ್ಮ ಬೇರೆಲ್ಲೋ ಒಂದು ಆಸ್ಪತ್ರೆಗೆ ಓಡಿದ್ದಳು. ಜೊತೆಗೆ ಬಾಯಿಯಾಗಿ ಯಾರೆಲಿ. ಅಲ್ಲಿನ ಡಾಕ್ಟರು, ಕೆಂಪು ಕತ್ತಿನ ಗಂಡಸು, ಹೇಳಿದ್ದು: 'ಇಷ್ಟು ತಡ ಮಾಡುವ ತಾಯಿಯನ್ನು ನಾನು ನೋಡಿಲ್ಲ ಎಂದು ಹೇಳು ಅವಳಿಗೆ.' ಅಮ್ಮನ ತುಟಿ ಒಣಗಿತ್ತು, ಬಲಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಯಾರೆಲಿ ಹೇಳಿದ್ದಳು: "ಸರಿಯಾದ ಹೊತ್ತಿಗೆ ಬಂದಿದೀಯ ಅಂತಿದಾರೆ ಅಮ್ಮಾ." ನಾಂದೊಗೆ ಈಗ ಮೀಸೆ ಬಂದಿದೆ. ಅಮ್ಮ ಇವತ್ತಿಗೂ ಆ ಮಾತನ್ನು ನೆಂಟರಿಗೆಲ್ಲ ಹೇಳುತ್ತಾಳೆ, ಆ ಬಿಳಿಯ ಡಾಕ್ಟರೇ ನನ್ನನ್ನು ಮೆಚ್ಚಿಕೊಂಡ ಎಂದು. ಹೇಳಿದಾಗಲೆಲ್ಲ ಯಾರೆಲಿ ಎದ್ದು ತಟ್ಟೆ ತೊಳೆಯಲು ಹೋಗುತ್ತಾಳೆ. ಆದರೆ ಅದು ಅಮ್ಮನಿಗಾಗಿ ನುಂಗಿದ್ದು. ಇದು ಯಾರಿಗಾಗಿ?

ಡಾಕ್ಟರು ಪುಟ್ಟ ಟಾರ್ಚು ತೆಗೆದು ಮಗುವಿನ ಕಣ್ಣಿಗೆ ಹಿಡಿದರು. ಒಂದು ಸಲ. ಇನ್ನೊಂದು ಸಲ. ಮಗುವಿನ ಕಣ್ಣುಗುಡ್ಡೆಗಳು ಒಂದು ಕಡೆಗೆ ಸರಿದು, ಸಣ್ಣಗೆ, ಬೇಗಬೇಗ ಹೊಯ್ದಾಡುತ್ತಿದ್ದವು. ಯಾರೆಲಿಯ ಬೆನ್ನು ತಣ್ಣಗಾಯಿತು. ತಾನು ಆಡಿದ ಸುಳ್ಳು ಹೋಗಿ ಆ ಕಣ್ಣಿನಲ್ಲಿ ಕೂತುಬಿಟ್ಟಿತೇನೋ ಎನ್ನುವಂತೆ. ಡಾಕ್ಟರ ಮುಖದಿಂದ ಮಧ್ಯಾಹ್ನದ ಸಲುಗೆಯೆಲ್ಲ ಹೋಗಿತ್ತು. ಅವರು ನೆತ್ತಿ ಸವರಿದರು, ಕಿವಿಯ ಹಿಂದೆ ನೋಡಿದರು, ಅಂಗಿ ಬಿಚ್ಚಿ ಪಕ್ಕೆ, ತೋಳು, ತೊಡೆ, ಒಂದೊಂದನ್ನೂ ನೋಡಿದರು. ಏನನ್ನು ಹುಡುಕುತ್ತಿದ್ದಾರೆ ಎನ್ನುವುದು ಯಾರೆಲಿಗೆ ತಿಳಿದದ್ದು ಮುಂದಿನ ಪ್ರಶ್ನೆ ಬಂದಾಗ.

"ಮಗು ಬಿದ್ದಿತ್ತಾ ಕೇಳು."

ಇಲ್ಲ ಎಂದಳು ಫಿದೆನ್ಸಿಯಾ.

"ಮನೇಲಿ ಯಾರ್ಯಾರು ಇರ್ತಾರೆ?"

ಗಂಡ, ಅತ್ತೆ, ಗಂಡನ ತಮ್ಮ.

ಡಾಕ್ಟರು ದನಿ ತಗ್ಗಿಸಿದರು. "ಈ ಪ್ರಶ್ನೇನ ನಾನು ಎಲ್ಲ ತಾಯಂದಿರಿಗೂ ಕೇಳ್ತೀನಿ. ಅಳು ತಡೆಯೋಕಾಗದೆ, ಸಿಟ್ಟಲ್ಲಿ, ಯಾರಾದ್ರೂ ಮಗೂನ ಹಿಡಿದು ಜೋರಾಗಿ ಅಲ್ಲಾಡಿಸಿದ್ರಾ?"

ಯಾರೆಲಿ ಅದನ್ನು ಹೇಳಿದಳು. 'ನಾನು ಎಲ್ಲ ತಾಯಂದಿರಿಗೂ ಕೇಳುತ್ತೇನೆ' ಎಂದು ತನ್ನ ಬಾಯಿಂದಲೇ ಹೇಳಿದಳು. ಒಂಬತ್ತು ತಿಂಗಳಿಂದ ರುಚಿ ನೋಡುತ್ತಿದ್ದ ಆ 'ನಾನು' ಮೊದಲ ಸಲ ನಾಲಿಗೆಯ ಮೇಲೆ ಕಹಿಯಾಯಿತು. ಫಿದೆನ್ಸಿಯಾಳ ಮುಖ ಕೆಂಪಾಗಲಿಲ್ಲ, ಅಳಲಿಲ್ಲ. ಸುಮ್ಮನೆ ಗೊಂದಲಗೊಂಡು, ಇಷ್ಟು ಹೊತ್ತು ಡಾಕ್ಟರ ಮೇಲಿದ್ದ ದೃಷ್ಟಿಯನ್ನು ತೆಗೆದು, ಭುಜದ ಹಿಂದಕ್ಕೆ ತಿರುಗಿ, ಯಾರೆಲಿಯನ್ನೇ ನೋಡಿದಳು.

"ಯಾಕೆ ಹೀಗೆ ಕೇಳ್ತಾರೆ? ಎಲ್ಲಾ ಹೇಳಿದ್ನಲ್ಲ. ನೀನು ಅವರಿಗೆ ಹೇಳ್ಲಿಲ್ವಾ, ಅಕ್ಕಾ?"

"ಏನಂತಾಳೆ?" ಎಂದರು ಡಾಕ್ಟರು. ಅವರ ಕೈ ಫೋನಿನ ಹತ್ತಿರ ಹೋಗಿತ್ತು. ಆ ಫೋನಿನಿಂದ ಮುಂದೆ ಏನೇನು ನಡೆಯುತ್ತದೆ ಎನ್ನುವುದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತು: ಮಕ್ಕಳ ರಕ್ಷಣೆಯ ಇಲಾಖೆಯಿಂದ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಇಬ್ಬರು ಹೆಂಗಸರು, ಟ್ರೇಲರು ಮನೆಯ ಬಾಗಿಲು ತಟ್ಟುವುದು, ಕಪಾಟು ತೆಗೆಸಿ ನೋಡುವುದು, ಮಗು ಬೇರೆ ಯಾರದೋ ಮನೆಗೆ.

ಕಷಾಯ. ಆಗ ನೆನಪಾಯಿತು ಅವಳಿಗೆ. ತನ್ನ ವಿಷಯ ಬಂದ ಕಡೆಯಿಂದ ಮುಂದಿನದನ್ನೆಲ್ಲ ಒಟ್ಟಿಗೆ ಬಾಚಿ ನುಂಗಿದ್ದಳಲ್ಲ, ಅದರಲ್ಲಿ ಕಷಾಯವೂ ಇತ್ತು. ಐದು ಬಾಟಲಿ. ನಾಂದೊನ ಹೊಟ್ಟೆನೋವಿಗೂ ಅಮ್ಮ ಅದನ್ನೇ ಕಾಯಿಸುತ್ತಿದ್ದಳು, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಅದು ಔಷಧಿಯ ಪಟ್ಟಿಯಲ್ಲಿ ಬರುವ ಸಂಗತಿ ಎಂದು ಅವಳ ಮನಸ್ಸಿಗೆ ಹೊಳೆದೇ ಇರಲಿಲ್ಲ. ಅಡುಗೆಮನೆಯ ವಾಸನೆ ಅಷ್ಟೇ.

"ದುಭಾಷಿಯಿಂದ ಒಂದು ತಪ್ಪಾಗಿದೆ," ಎಂದಳು. ಕಲಿಸಿದ್ದ ಮಾತು. "ದುಭಾಷಿ ಅದನ್ನ ತಿದ್ದಬೇಕು." ಅಷ್ಟು ಹೇಳಿದ ಮೇಲೆ, ಆ ದುಭಾಷಿ ಎನ್ನುವವಳು ಯಾರೋ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ, ತಾನು ಅವಳ ಮೇಲೆ ಚಾಡಿ ಹೇಳುತ್ತಿದ್ದೇನೆ ಎನ್ನಿಸಿ ನಾಚಿಕೆಯಾಯಿತು. "ತಪ್ಪು ನಂದು," ಎಂದಳು. "ನಾನು ಬಿಟ್ಟುಬಿಟ್ಟೆ." ಆಮೇಲೆ ಮೊದಲಿನಿಂದ ಹೇಳಿದಳು, ಫಿದೆನ್ಸಿಯಾಳ ಬಾಯಲ್ಲೇ: ಈ ಹುಡುಗಿ ನನ್ನ ಮಗುವನ್ನು ಕಣ್ತುಂಬ ನೋಡಿದಳು, ಮುಟ್ಟಲಿಲ್ಲ, ಮೊಟ್ಟೆ, ಚಕ್ರಮೊಗ್ಗು, ನಿನ್ನೆ ಮೂರು ಸಲ, ಇವತ್ತು ಎರಡು, ಅವಳು ಮುಟ್ಟಿದರೆ ಬಿಡುತ್ತದೆ, ನನಗೆ ಸಿಟ್ಟಿಲ್ಲ, ಪಾಪ, ಅವಳಿಗೆ ಗೊತ್ತಿರಲಿಲ್ಲವೇನೋ. ಕೊನೆಯ ಮಾತನ್ನೂ ಬಿಡದೆ ಮುಗಿಸಿದಳು.

"ಚಕ್ರಮೊಗ್ಗು," ಎಂದರು ಡಾಕ್ಟರು. ಬೇರೆ ಯಾವುದೂ ಅವರ ಕಿವಿಗೆ ಬಿದ್ದ ಹಾಗಿರಲಿಲ್ಲ. "ಪ್ರತಿ ಸಲ ಎಷ್ಟು? ಎಲ್ಲಿ ಕೊಂಡಿದ್ದು? ಪೊಟ್ಟಣ ಇದೆಯಾ, ಕೇಳು, ಬೇಗ." ಆ ಮೊಗ್ಗಿನ ಜೊತೆ ಅದರಂತೆಯೇ ಕಾಣುವ ಇನ್ನೊಂದು ಜಾತಿಯದು ಬೆರೆತು ಬರುತ್ತದೆ, ಅದು ಎಳೆಯ ಮಕ್ಕಳಿಗೆ ವಿಷ, ನರಕ್ಕೆ ಹಿಡಿಯುತ್ತದೆ ಎಂದರು, ಇದಕ್ಕೂ ಮೊದಲು ಇಂಥ ಮೂರು ಮಕ್ಕಳನ್ನು ನೋಡಿದ್ದೇನೆ ಎಂದರು, ಮೊದಲ ಸಂಜೆಯ ಅಳು ಬರೀ ಚುಚ್ಚುಮದ್ದಿನದಿರಬೇಕು ಎಂದರು. ಫೋನು ಎತ್ತಿದರು, ಆದರೆ ಕರೆ ಮಾಡಿದ್ದು ವಿಷದ ವಿಚಾರ ತಿಳಿಸುವವರಿಗೆ, ಆಮೇಲೆ ಆಂಬುಲೆನ್ಸಿಗೆ. ಆಸ್ಪತ್ರೆಯಲ್ಲಿ ಮಗುವನ್ನು ಒಂದೆರಡು ದಿನ ಇಟ್ಟುಕೊಂಡು ನೋಡುತ್ತಾರೆ, ಬಹಳ ಮಟ್ಟಿಗೆ ತಾನಾಗಿಯೇ ಇಳಿಯುತ್ತದೆ, ಇನ್ನು ಒಂದು ಹನಿಯೂ ಕೊಡಬೇಡ. ಯಾರೆಲಿ ಎಲ್ಲವನ್ನೂ ಹೇಳಿದಳು. ಅವಳ ಬಾಯಿ ಓಡುತ್ತಿತ್ತು, ಮನಸ್ಸು ಎಲ್ಲೋ ಹಿಂದೆ ಉಳಿದಿತ್ತು.

ಕೊಠಡಿಯ ಹೊರಗೆ, ಔಷಧಿಯ ಕಪಾಟಿನ ಹತ್ತಿರ, ಡಾಕ್ಟರ್ ವಿಟ್‌ಮರ್ ಅವಳನ್ನು ನಿಲ್ಲಿಸಿದರು. "ಓಹೊ ಅಂತ ನನ್ನ ಕಿವಿಗೆ ಬಿತ್ತು. ನೀನು ಬರೀ ಕಣ್ಣು ಅಂದೆ. ನಿನ್ನ ನಂಬಿದೆ."

"ಮುಟ್ಟಬಾರದು ಅಂತ ಕಾಗದದಲ್ಲಿತ್ತು," ಎಂದಳು. ಯಾವ ಪ್ರಶ್ನೆಗೂ ಉತ್ತರವಲ್ಲ ಅದು.

"ಆ ಕಾಗದ ವಿಮೆಯವರಿಗೆ ಕಣೇ. ಸೂಜಿ, ಬ್ಯಾಂಡೇಜು, ಅಂಥಾದ್ದಕ್ಕೆ. ಇಪ್ಪತ್ತಾರು ವರ್ಷ ಆಯ್ತು ನಾನು ಈ ಊರಿಗೆ ಬಂದು. ಮೊದಲ ವಾರವೇ ಒಬ್ಬಳು ಅಜ್ಜಿ ನನ್ನ ಕೈ ಹಿಡಿದು ಮಗೂನ ಹಣೆ ಮೇಲೆ ಇಡಿಸಿದ್ಲು. ಅವತ್ತಿಂದ ಮುಟ್ಟದೆ ಒಂದು ಮಗೂನೂ ನಾನು ಹೊಗಳಿಲ್ಲ." ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. "ನೀನು ಇಲ್ಲೇ ಹುಟ್ಟಿದವಳು. ನಂಗೆ ಕಲಿಸಬೇಕಾದವಳು ನೀನು."

ಬೈದಿದ್ದರೆ ಆಗುತ್ತಿತ್ತು. ಪತ್ರ ಎಂದು ಕೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಅವರೇ ಹೇಳಿದರು. "ಪತ್ರ ಬರೆದಿಟ್ಟಿದ್ದೆ. ಹರಿದು ಬೇರೆ ಬರೀಬೇಕು. ನುಂಗಿದ್ದನ್ನೂ ಬರೀತೀನಿ, ಕಕ್ಕಿದ್ದನ್ನೂ ಬರೀತೀನಿ. ಓದೋರು ಯಾವುದನ್ನ ನೋಡ್ತಾರೋ ನಂಗೊತ್ತಿಲ್ಲ. ಬೇಡ ಅಂದ್ರೆ ಈಗಲೇ ಹೇಳು, ಬರೆಯೋದೇ ಇಲ್ಲ."

ಹನ್ನೆರಡು ಜನರಲ್ಲಿ ತಾನು ಎಂದೂ ಒಬ್ಬಳಾಗದಿರುವುದನ್ನು ಅವಳು ಅಲ್ಲೇ ನಿಂತು ನೋಡಿದಳು: ಬೆಲ್ಟು, ಕೈಗವಸು, ಇನ್ನು ನಲವತ್ತು ವರ್ಷ ಮೆತ್ತಗಿನದು ಬಿರುಸಿನದು ಎಂದು ಆರಿಸುವುದು. ಆದರೂ ಈ ಎರಡನ್ನೂ ಒಬ್ಬರು ಒಟ್ಟಿಗೆ ಬರೆಯುತ್ತಾರೆ ಎನ್ನುವುದರಲ್ಲಿ, ಎಂದೂ ಸಿಗದಿದ್ದ ಏನೋ ಒಂದು ನೆಮ್ಮದಿಯಿತ್ತು. "ಬರೀರಿ ಡಾಕ್ಟರ್," ಎಂದಳು.

ಒಳಗೆ ಹೋದಾಗ ಫಿದೆನ್ಸಿಯಾ ಎದ್ದು ನಿಂತಿದ್ದಳು. ವಿಷ, ಮೊಗ್ಗು, ಆಸ್ಪತ್ರೆ, ಎಲ್ಲ ಅವಳಿಗೆ ಅರ್ಥವಾಗಿತ್ತು. ಅರ್ಥವಾಗಿಯೂ ಬಂದ ಕೆಲಸ ಬಾಕಿಯಿತ್ತು. ಮತ್ತೆ ಮಗುವನ್ನು ಚಾಚಿದಳು. ಯಾರೆಲಿ ಬಲಗೈಯನ್ನು ಮಗುವಿನ ಹಣೆಯ ಮೇಲಿಟ್ಟಳು. ಒದ್ದೆ. ತಣ್ಣಗಿನ ಬೆವರು. ಕೈ ತಾನಾಗಿ ಮೇಲಕ್ಕೆ ಸರಿದು ನೆತ್ತಿಗೆ ಹೋಯಿತು, ಮೂಳೆ ಇನ್ನೂ ಕೂಡಿರದ ಜಾಗಕ್ಕೆ. ಅದು ಒಳಕ್ಕೆ ಇಳಿದಿತ್ತು, ತುಂಬ ಅಲ್ಲ, ಒತ್ತಿದ ಹಣ್ಣಿನಷ್ಟು. ಅದರೊಳಗೆ ಬೇಗಬೇಗ ಬಡಿಯುತ್ತಿತ್ತು. ಮೈಯ ನೀರು ಬತ್ತಿದೆ. ಪುಸ್ತಕದಲ್ಲಿ ಓದಿದ್ದಳು, ಅದು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಮಗು ಅಳು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಅತ್ತಿತು. "ಆಯ್ತು," ಎಂದಳು ಫಿದೆನ್ಸಿಯಾ, ಭಾರ ಇಳಿಸಿದವಳ ಹಾಗೆ ಉಸಿರು ಬಿಟ್ಟು. ಯಾರೆಲಿಗೆ ಕೈ ತೆಗೆಯಲು ಮನಸ್ಸಾಗಲಿಲ್ಲ. ತೆಗೆಯಬೇಕು ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ ಮೇಲೆ ತೆಗೆದಳು.

ಆಂಬುಲೆನ್ಸು ಬಂದಾಗ ನಾಲ್ಕೂವರೆಯ ಬಿಸಿಲು ಡಾಂಬರಿನ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಆರಕ್ಕೆ ರಸಾಯನಶಾಸ್ತ್ರದ ತರಗತಿ. ಮಗುವನ್ನು ಮಲಗಿಸಿ, ಫಿದೆನ್ಸಿಯಾಳನ್ನು ಹತ್ತಿಸಿದರು. ಹತ್ತಿದವಳು ಯಾರೆಲಿಯ ತೋಳಿನ ಬಟ್ಟೆಯನ್ನು ಬಿಡಲೇ ಇಲ್ಲ. ಒಳಗಿದ್ದ ಯುವಕ, ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದವನು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ ಯಾರೆಲಿಯನ್ನು ನೋಡಿ, "ಸಂಬಂಧಿಕರು ಮಾತ್ರ ಬರಬಹುದು," ಎಂದ. "ಮಗೂಗೆ ನೀವು ಏನಾಗಬೇಕು?"

ಏನಾಗಬೇಕು. ನಾಲ್ಕನೆಯ ಕ್ಲಾಸಿನಿಂದ ಟೀಚರುಗಳೂ ನೆಂಟರೂ ಕೇಳುತ್ತ ಬಂದಿದ್ದ ಪ್ರಶ್ನೆಯೇ ಬೇರೆ ಬಾಗಿಲಿನಿಂದ ಬಂದು ನಿಂತ ಹಾಗಿತ್ತು. ಬಾಯಿಪಾಠವಾಗಿದ್ದ ಉತ್ತರ ನಾಲಿಗೆಯ ತುದಿಗೆ ಬಂತು. ಇವನಿಗೆ ಅದು ಬೇಕಾಗಿರಲಿಲ್ಲ.

"ಏನಂತೆ?" ಎಂದಳು ಫಿದೆನ್ಸಿಯಾ ಒಳಗಿನಿಂದ. ಯಾರೆಲಿ ಹೇಳಿದಳು. ಎರಡು ದಿನದಿಂದ ನಿದ್ದೆಯ ಮುಖ ಕಾಣದ ಆ ಹುಡುಗಿಗೆ ಸಿಡುಕು ಬಂತು. "ಏನಾಗಬೇಕಂತಾ? ಹೇಳು ಅವನಿಗೆ. ಇವಳೇ ನನ್ನ ಮಗೂಗೆ ಕಣ್ಣು ಹಾಕಿದವಳು, ಇವಳೇ ತೆಗೆದವಳು. ಅಲ್ಲಿಯವರ ಮಾತು ನಂಗೆ ಗೊತ್ತಾಗಲ್ಲ, ನನ್ನ ಮಾತು ಅವರಿಗೆ ಗೊತ್ತಾಗಲ್ಲ. ಇವಳು ನಮಗೆ ಬೇಕು ಅಂತ ಹೇಳು."

ಯುವಕ ಪೆನ್ನು ಹಿಡಿದು ಕಾಯುತ್ತಿದ್ದ. ಯಾರೆಲಿ ಅವನ ಕಡೆ ತಿರುಗಿ, ಫಿದೆನ್ಸಿಯಾ ಆಡಿದ ಹಾಗೆಯೇ, ಕಣ್ಣು ಹಾಕಿದ್ದನ್ನೂ ಸೇರಿಸಿ, ಎಲ್ಲ ಹೇಳಿದಳು. 'ಇವಳು ನಮಗೆ ಬೇಕು' ಎನ್ನುವಲ್ಲಿಗೆ ಬಂದಾಗ ಮುಖ ಸುಟ್ಟಂತಾಯಿತು, ಅದನ್ನೂ ಹೇಳಿದಳು. ಅವನು ಅವಳನ್ನು ಒಂದು ಸಲ, ತಾಯಿಯನ್ನು ಒಂದು ಸಲ ನೋಡಿದ. ಕಾಗದದ ಮೇಲೆ ಏನನ್ನೋ ಬರೆದುಕೊಂಡ. ಏನೆಂದು ಅವಳಿಗೆ ಕಾಣಲಿಲ್ಲ. ಆಮೇಲೆ ಮೊಣಕಾಲು ಸರಿಸಿ, ಮಗುವಿನ ತಲೆಯ ಕಡೆ, ಒಬ್ಬರು ಒತ್ತಿ ಕೂರುವಷ್ಟು ಜಾಗ ಮಾಡಿದ.